ಗೆರೆ ದಾಟಿದ ಮೇಲೆ ನಡೆದದ್ದು

ಇದನ್ನು ಹೇಳುವುದನ್ನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ಕನ್ನಡಕ ಬದಲಾಯಿಸಿದ ಮೇಲೆ ಬರೆಯೋಣ ಎಂದುಕೊಂಡೆ. ಕನ್ನಡಕ ಬಂತು, ಮಂಡಿನೋವು ಶುರುವಾಯಿತು. ಮಂಡಿಗೂ ಬರವಣಿಗೆಗೂ ಏನು ಸಂಬಂಧ ಎಂದು ಕೇಳಬೇಡಿ. ತಪ್ಪಿಸಿಕೊಳ್ಳಬೇಕೆಂದಿರುವವನಿಗೆ ಮಂಡಿಯೂ ಆಗುತ್ತದೆ, ಹಿಮವೂ ಆಗುತ್ತದೆ, ಮೊಮ್ಮಗಳ ಪಿಯಾನೊ ಕ್ಲಾಸೂ ಆಗುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಣ್ಣ ಡಾಕ್ಟರು, ಅತ್ತಿಗೆಯೂ ಡಾಕ್ಟರು. ಮೈಸೂರಿನಲ್ಲಿ ಓದಿ ವಾಷಿಂಗ್ಟನ್ನಿಗೆ ಬಂದು ನೆಲೆಸಿದ ಮೇಲೆ ನನ್ನನ್ನೂ ಕರೆಸಿಕೊಂಡರು. ಅವರ ಮನೆಯ ಬೇಸ್‌ಮೆಂಟಿನಲ್ಲಿ ಇದ್ದುಕೊಂಡು, ಏರ್‌ಪೋರ್ಟಿನಿಂದ ಹೋಟೆಲಿಗೆ ಜನರನ್ನು ಸಾಗಿಸುವ ಬಸ್ಸು ಓಡಿಸಿದೆ. ರಿಟೈರ್ ಆಗುವವರೆಗೂ ಅದೇ ಹೋಟೆಲು, ಅದೇ ರಸ್ತೆ. ಈಗ ವಾಷಿಂಗ್ಟನ್ ಹತ್ತಿರದ ಕ್ಲಾರ್ಕ್ಸ್‌ಬರ್ಗಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಜೀವನಚರಿತ್ರೆ ಇಲ್ಲಿಗೆ ಮುಗಿಯಿತು. ಹಾಗಾಗಿಯೇ ನನಗೆ ಹೇಳಿಕೊಳ್ಳಲು ಇನ್ನೊಂದೇನಾದರೂ ಬೇಕಾಗಿತ್ತು. ಅದು ಒಬ್ಬನ ಓಟವಾಗಿ ಸಿಕ್ಕಿತು.

ಇಲ್ಲಿಯವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ. ರನ್ನಿಂಗ್ ಬ್ಯಾಕ್ ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರು ತಂಡದ ಭಾರೀ ಆಳುಗಳನ್ನು ಸೀಳಿಕೊಂಡು ಕೊನೆಯ ಗೆರೆ ದಾಟಬೇಕಾದವನು. ನಾನು ಬಂದ ಹೊಸತರಲ್ಲಿ ನಮ್ಮ ವಾಷಿಂಗ್ಟನ್ ತಂಡದಲ್ಲಿ ಅಂಥವನೊಬ್ಬನಿದ್ದ. ಅವನನ್ನು ಬೀಳಿಸಲು ಒಬ್ಬಿಬ್ಬರಿಂದ ಆಗುತ್ತಿರಲಿಲ್ಲ. ಒಂದು ಮಳೆಯ ಭಾನುವಾರ ಅವನು ಮೈದಾನದ ಮಧ್ಯದಿಂದ ಓಡಿದ ಓಟವನ್ನು ಈ ಊರಿನ ಹಳಬರು ಈಗಲೂ ನೆನೆಯುತ್ತಾರೆ. ಅಂದು ಆ ಸ್ಟೇಡಿಯಮ್ಮಿನಲ್ಲಿ ಇದ್ದೆವು ಎನ್ನುವವರನ್ನೆಲ್ಲ ಕೂರಿಸಬೇಕೆಂದರೆ ಇನ್ನೊಂದು ಸ್ಟೇಡಿಯಂ ಕಟ್ಟಬೇಕಾದೀತು. ನಾನೂ ಆ ಎರಡನೆಯ ಸ್ಟೇಡಿಯಮ್ಮಿನವನೇ.

ನಡೆದದ್ದು ಇಷ್ಟು. ಅಣ್ಣನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿದ್ದಿದ್ದರಿಂದ ಅವನ ಟಿಕೆಟ್ಟು ನನಗೆ ಬಂತು. ಆಟದ ಹುಚ್ಚು ಇದ್ದದ್ದು ಅತ್ತಿಗೆಗೆ. ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು ಕೂತಿದ್ದರು. ನಾನು ಊರಿನಿಂದ ಬಂದು ಮೊದಲ ಚಳಿಗಾಲ. ಅರ್ಧ ಆಟ ಮುಗಿಯುವ ಹೊತ್ತಿಗೆ ನನ್ನ ಹಲ್ಲುಗಳು ತಮ್ಮ ಪಾಡಿಗೆ ತಾವು ಆಡತೊಡಗಿದ್ದವು. ಅತ್ತಿಗೆಯಿಂದ ಕೀ ಇಸಿದುಕೊಂಡು ಕಾರಿಗೆ ಹೋದೆ, ಹೀಟರ್ ಹಾಕಿದೆ, ಡಬ್ಬಿಯಲ್ಲಿದ್ದ ಪುಳಿಯೋಗರೆ ತಿಂದೆ, ಮಲಗಿದೆ. ಚರಿತ್ರೆ ನಡೆಯುವಾಗ ಗೊರಕೆ ಹೊಡೆಯುವುದೂ ಒಂದು ಸಾಮರ್ಥ್ಯವೇ.

ಅತ್ತಿಗೆ ಬಂದು ಕಿಟಕಿ ತಟ್ಟಿದಾಗ ಅವರ ಕಣ್ಣಲ್ಲಿ ನೀರಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿದರು. ಅವನು ಹೇಗೆ ಓಡಿದ, ತಡೆಯಲು ಬಂದ ಹುಡುಗನೊಬ್ಬ ಹೇಗೆ ಅವನ ಎದೆಗೆ ತಲೆ ಕೊಟ್ಟು ಬಿದ್ದ, ಆಮೇಲೆ ಏನಾಯಿತು ಎಂದು. ಆಮೇಲೆ ಆದದ್ದೇ ಮುಖ್ಯ. ಗೆರೆ ದಾಟಿದ ಮೇಲೆ ಅವನು ಕುಣಿಯಲಿಲ್ಲವಂತೆ. ಚೆಂಡನ್ನು ಕೆಳಗೆ ಬಿಟ್ಟು ಅಷ್ಟು ದೂರವೂ ವಾಪಸ್ ಓಡಿ ಬಂದು, ಬಿದ್ದವನ ಪಕ್ಕದಲ್ಲಿ ಕೆಸರಿನಲ್ಲಿ ಮಂಡಿಯೂರಿ, ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಎತ್ತಲು ಬಂದವರನ್ನೆಲ್ಲ ಗದರಿ ಓಡಿಸಿದನಂತೆ. "ಕತ್ತಿಗೆ ಪೆಟ್ಟು ಬಿದ್ದವನನ್ನ ಎಬ್ಬಿಸಬಾರದು ಅಂತ ಅವನಿಗೆ ಯಾರು ಹೇಳಿಕೊಟ್ಟರೋ! ನಮ್ಮ ಇಂಟರ್ನ್‌ಗಳಿಗೇ ಗೊತ್ತಿರಲ್ಲ" ಎಂದರು ಅತ್ತಿಗೆ.

ಇದನ್ನು ನಾನು ಮರುದಿನವೇ ಬಸ್ಸಿನ ಡ್ರೈವರುಗಳ ಕೋಣೆಯಲ್ಲಿ ಹೇಳಿದೆ. "ನಮ್ಮ ಅತ್ತಿಗೆ ನೋಡಿದರಂತೆ" ಎಂದು ಶುರುಮಾಡಬೇಕಿತ್ತು. "ನಾನು ನೋಡಿದೆ" ಎಂದು ಬಾಯಿಗೆ ಬಂತು. ಅಲ್ಲಿಯವರೆಗೆ ನನ್ನನ್ನು ಕಣ್ಣೆತ್ತಿ ನೋಡದಿದ್ದವರು ಕುರ್ಚಿ ಎಳೆದುಕೊಟ್ಟರು. ಒಂದು ಕುರ್ಚಿಗೆ ಮನುಷ್ಯ ಏನೇನು ಮಾರುತ್ತಾನೆ ನೋಡಿ. ವರ್ಷ ಕಳೆದಂತೆ ಕತೆಯನ್ನು ತಿದ್ದಿದೆ. ವಾಪಸ್ ಬಂದದ್ದು ಜನರಿಗೆ ಸಪ್ಪೆ ಎನಿಸುತ್ತಿತ್ತು. ಅದನ್ನು ತೆಗೆದು, ಅವನು ಬಿದ್ದವನ ಮೇಲೆ ಹಾರಿ, ತಿರುಗಿ ಸಹ ನೋಡದೆ, ನಮ್ಮ ಗ್ಯಾಲರಿಯ ಕಡೆ ಬೆರಳು ತೋರಿಸಿ ಗರ್ಜಿಸಿದ ಎಂದು ಸೇರಿಸಿದೆ. ಚಪ್ಪಾಳೆ ಹೆಚ್ಚಾಯಿತು. ಅಂತರ್ಜಾಲದಲ್ಲಿ ಆ ಓಟದ ಮಸುಕಾದ ವಿಡಿಯೋ ಒಂದಿದೆ, ಆದರೆ ಅದು ಗೆರೆ ದಾಟಿದ ಕೂಡಲೇ ಮುಗಿಯುತ್ತದೆ. ಟಿವಿಯವರು ಜಾಹೀರಾತಿಗೆ ಹೋಗಿದ್ದರು. ನನ್ನ ಕತೆ ಕೇಳುವವರ ಪಾಲಿಗೆ ಮುಂದಿನದಕ್ಕೆ ಸಾಕ್ಷಿ ನಾನೊಬ್ಬನೇ, ಎಂದರೆ ಯಾರೂ ಇಲ್ಲ. ಅತ್ತಿಗೆ ಈ ಕತೆ ಹಲವು ಸಲ ಕೇಳಿದ್ದರು. ಹೋಗಲಿ ಪಾಪ, ಅವನಿಗೂ ಏನಾದರೊಂದು ಇರಲಿ ಎಂದು ಸುಮ್ಮನಿದ್ದರು ಎಂದು ಈಗ ತಿಳಿಯುತ್ತದೆ.

2020ರಲ್ಲಿ ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ ನಮ್ಮ ಭಾನುವಾರದ ವಿಡಿಯೋ ಹರಟೆ ಶುರುವಾಯಿತು. ವಾಷಿಂಗ್ಟನ್ ಕಡೆಯವರು, ಅಟ್ಲಾಂಟಾದವರು, ಕೆರೊಲೈನಾದವರು, ಎಲ್ಲ ಕನ್ನಡದ ಗಂಡಸರು. ಕೈಯಲ್ಲಿ ಚುರುಮುರಿ, ಟಿವಿಯಲ್ಲಿ ಆಟ, ಬಾಯಲ್ಲಿ ತೀರ್ಪು. ವಾದ ಒಂದೇ: ರನ್ನಿಂಗ್ ಬ್ಯಾಕ್‌ಗಳಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು? ಸ್ವಂತ ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆಂದು ಹೆಂಡತಿಯನ್ನು ಕೇಳಿ ಹೇಳುವ ಜನ, ಹಳೆಯ ಆಟಗಾರರು ಓಡಿದ ಗಜಗಳ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ಅಟ್ಲಾಂಟಾ ಪಕ್ಕದ ಸುವಾನಿ ಎಂಬ ಊರಿನ ಸಾಫ್ಟ್‌ವೇರಿನವನೊಬ್ಬನಿಗೆ ನಮ್ಮ ಆಟಗಾರನನ್ನು ಕಂಡರೆ ಆಗುತ್ತಿರಲಿಲ್ಲ.

"ಅಂಕಲ್, ನಿಮ್ಮವನು ಬುಲ್‌ಡೋಜರ್. ಈಗಿನವರು ನೋಡಿ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸ್ಕೂಟರ್ ನುಗ್ಗಿಸೋ ಥರ ಕಟ್ ಮಾಡ್ತಾರೆ."

"ನುಗ್ತಾರೆ, ಆಮೇಲೆ ಮೊಣಕಾಲು ಹಿಡಕೊಂಡು ಕೂತ್ಕೋತಾರೆ. ನಮ್ಮವನು ಬಿದ್ದವರನ್ನ ತಿರುಗಿ ಸಹ ನೋಡ್ತಿರಲಿಲ್ಲ ಮಾರಾಯ!"

"ಅದೇ ನಾನೂ ಹೇಳೋದು. ಹಾರ್ಟ್‌ಲೆಸ್!"

"ಹಾರ್ಟ್ ವಿಷಯ ನನಗೆ ಬಿಡಿ" ಎನ್ನುತ್ತಿದ್ದರು ಕೆರೊಲೈನಾದ ರಾಲಿಯ ನಿವೃತ್ತ ಹೃದಯತಜ್ಞರು. ಅವರ ಈ ಜೋಕಿಗೆ ನಾವು ಪ್ರತಿ ವಾರವೂ ಹೊಸದಾಗಿ ನಗಬೇಕಿತ್ತು.

ಅಷ್ಟು ಹೊತ್ತಿಗೆ ಅಣ್ಣ ತೀರಿಕೊಂಡು, ಅತ್ತಿಗೆ ಕೆರೊಲೈನಾದ ಶಾರ್ಲಟ್‌ನಲ್ಲಿರುವ ಮಗನ ಮನೆಗೆ ಹೋಗಿದ್ದರು. ಹೋಗಿ ಸುಮ್ಮನೆ ಕೂತವರಲ್ಲ. ಲಸಿಕೆ ಬಂದ ಮೇಲೆ, 2021ರಲ್ಲಿ, ಲಸಿಕೆ ಹಾಕುವ ಕೇಂದ್ರಕ್ಕೆ ತಾವೇ ಕಾರು ಓಡಿಸಿಕೊಂಡು ಹೋಗಿ ಸೇವೆ ಮಾಡುತ್ತಿದ್ದರು. ಆ ಮಗನೂ, ಎಂದರೆ ನನ್ನ ಅಣ್ಣನ ಮಗನೂ, ನಮ್ಮ ಹರಟೆಯಲ್ಲಿದ್ದ. ಒಂದು ಭಾನುವಾರ ಅವನ ಹಿಂದಿನ ಸೋಫಾದಲ್ಲಿ ಅತ್ತಿಗೆ ಬಂದು ಕೂತರು. ನಾನು ನನ್ನ ಗರ್ಜನೆಯ ಭಾಗಕ್ಕೆ ಬಂದಿದ್ದೆ.

"ಇಲ್ಲಪ್ಪ" ಎಂದರು ಅತ್ತಿಗೆ. "ಅವನು ವಾಪಸ್ ಬಂದ. ಆ ಹುಡುಗನ ತಲೆ ಹಿಡಕೊಂಡು ಕೂತಿದ್ದ. ಅವನನ್ನ ಹಾರ್ಟ್‌ಲೆಸ್ ಅಂತೀರಲ್ಲ, ಅದಕ್ಕೆ ಹೇಳ್ತಿದೀನಿ."

"ಹೌದಾ ಆಂಟಿ? ಆದ್ರೆ ಅಂಕಲ್ ಬೇರೆ ಥರ ಹೇಳ್ತಾರಲ್ಲ?" ಎಂದ ಸುವಾನಿಯವನು.

"ಇವನೆಲ್ಲಿ ನೋಡ್ದ? ಕಾರಲ್ಲಿ ನಿದ್ದೆ ಮಾಡ್ತಿದ್ದ." ಅತ್ತಿಗೆ ನಗುತ್ತಲೇ ಹೇಳಿದರು. ಅದರಲ್ಲಿ ವಿಷ ಇರಲಿಲ್ಲ. ನಾನೂ ನಕ್ಕಿದ್ದರೆ ಮುಗಿದುಹೋಗುತ್ತಿತ್ತು.

ಪರದೆಯ ಮೇಲಿನ ಮುಖಗಳೆಲ್ಲ ನನ್ನ ಕಡೆಗೇ ನೋಡುತ್ತಿರುವಂತೆ ಕಂಡಿತು. ನಾನು ದನಿ ತಗ್ಗಿಸಿ, ಬಹಳ ಮರ್ಯಾದಸ್ಥನಂತೆ ಹೇಳಿದೆ: "ಅತ್ತಿಗೆಗೆ ಈಚೆಗೆ ಸ್ವಲ್ಪ ಮರೆವು. ನಾವೇ ಅರ್ಥ ಮಾಡ್ಕೋಬೇಕು."

ನಮ್ಮ ಜನರ ಗೌರವ ದೊಡ್ಡದು. ಮನೆಯ ಹಿರಿಯನೊಬ್ಬ ಇನ್ನೊಬ್ಬ ಹಿರಿಯರ ಬಗ್ಗೆ ಇಂಥ ಮಾತು ಆಡಿದರೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ. ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ, ಅದೇ ಸಂಸ್ಕಾರ. ಎಲ್ಲ ಚೌಕಗಳಲ್ಲೂ ತಲೆಗಳು ತಗ್ಗಿದವು. ಹೃದಯತಜ್ಞರು ಮಿದುಳಿಗೂ ತಜ್ಞರಾಗಿ, "ಬಹಳ ಹಳೇದು ಸ್ಪಷ್ಟವಾಗಿ ನೆನಪಿದೆ ಅಂತ ಹಟ ಮಾಡೋದೂ ಒಂದು ಲಕ್ಷಣವೇ" ಎಂದರು. ಸ್ಪಷ್ಟವಾಗಿ ನೆನಪಿದ್ದರೆ ಮರೆವು! ಅಷ್ಟು ಓದಿದವರಿಗೆ ಮಾತ್ರ ಹೊಳೆಯುವ ಮಾತು. ಅತ್ತಿಗೆ ನನ್ನನ್ನು, ಅಥವಾ ಪರದೆಯಲ್ಲಿ ನಾನಿದ್ದ ಚೌಕವನ್ನು, ಸ್ವಲ್ಪ ಹೊತ್ತು ನೋಡಿದರು. ಎದ್ದು ಹೋದರು. ನಾವು ಆಟಕ್ಕೆ ಮರಳಿದೆವು.

ಆ ವಾರವೇ ಅಣ್ಣನ ಮಗ ಫೋನ್ ಮಾಡಿದ. ಇಲ್ಲೇ ಹುಟ್ಟಿದವನು, ಕನ್ನಡವನ್ನು ಎಚ್ಚರದಿಂದ, ಗಾಜಿನ ಲೋಟ ಹಿಡಿದಂತೆ ಮಾತಾಡುತ್ತಾನೆ.

"ಚಿಕ್ಕಪ್ಪ, ಥ್ಯಾಂಕ್ಯೂ. ನಾನು ನೋಟೀಸ್ ಮಾಡಲಿಲ್ಲ. ನೀವು ಮಾಡಿದ್ರಿ. ಟೆಸ್ಟ್ ಮಾಡಿಸ್ತೀನಿ. ಅಲ್ಲಿವರೆಗೆ ಅಮ್ಮ ಡ್ರೈವ್ ಮಾಡೋದು ಬೇಡ. ಕಾರ್ ಕೀ ತೆಗೆದಿಟ್ಟೆ."

"ಒಳ್ಳೇದು ಮಾಡಿದೆ ಕಣಪ್ಪ" ಎಂದೆ.

ಮೇಲಿನ ಈ ವಾಕ್ಯವನ್ನು ಬರೆದು ಎರಡು ಸಲ ಅಳಿಸಿದೆ. ಈಗ ಬಿಟ್ಟಿದ್ದೇನೆ. ನಾನು ಹೇಳಿದ್ದು ಅದನ್ನೇ.

ಟೆಸ್ಟಿನಲ್ಲಿ ಏನೂ ತೊಂದರೆ ಕಾಣಲಿಲ್ಲ. ಆದರೆ ಒಮ್ಮೆ ಮರೆವು ಎಂಬ ಮಾತು ಮನೆಯೊಳಗೆ ಬಂದರೆ ಅದಕ್ಕೆ ಬಾಗಿಲು ತೋರಿಸುವುದು ಕಷ್ಟ. ಅತ್ತಿಗೆ ಉಪ್ಪು ಹೆಚ್ಚು ಹಾಕಿದರೆ ಮರೆವು. ಸೊಸೆಯ ತಂಗಿಯ ಹೆಸರಿಗೆ ತಡವರಿಸಿದರೆ ಮರೆವು. ಸಿಟ್ಟು ಬಂದರಂತೂ ಮರೆವಿನ ಮುಂದಿನ ಹಂತ. ಮಗ ದುಷ್ಟನಲ್ಲ, ಹೆದರಿದವನು. ಅವನಿಗೆ ಬೇಕಾಗಿದ್ದದ್ದು ನನ್ನ ಒಂದು ಫೋನ್: ಅವತ್ತು ನಾನು ಸುಳ್ಳು ಹೇಳಿದೆ, ನಿನ್ನ ಅಮ್ಮ ಹೇಳಿದ್ದು ನಿಜ. ನನ್ನ ಫೋನಿನಲ್ಲಿ ನಿಮಿಷಗಳಿಗೆ ಮಿತಿಯೇ ಇಲ್ಲ. ಅದರಲ್ಲಿ ನಾನು ಎಲ್ಲರಿಗೂ ಹಬ್ಬದ ಶುಭಾಶಯ ಹೇಳಿದೆ. ಕಾರಿನ ಕೀ ಅತ್ತಿಗೆಯ ಕೈಗೆ ವಾಪಸ್ ಬರಲಿಲ್ಲ, ಲಸಿಕೆ ಕೇಂದ್ರದವರು ಅವರ ಜಾಗಕ್ಕೆ ಬೇರೆಯವರನ್ನು ಹುಡುಕಿಕೊಂಡರು.

ಸೋಂಕಿನ ಭಯ ಇಳಿದ ಮೇಲೆ ಸುವಾನಿಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನಮ್ಮ ಭಾನುವಾರದ ವಾದವನ್ನೇ ವೇದಿಕೆಗೆ ತಂದರು. ನಮ್ಮವರು ಎರಡು ಕುರ್ಚಿ, ಒಂದು ಮೈಕು ಕಂಡರೆ ಬಿಡುವುದುಂಟೆ? ದೀಪ ಹಚ್ಚಿದರು, ನಾಡಗೀತೆ ಹಾಡಿದರು, ಅಮೆರಿಕದ ಚೆಂಡಾಟದ ಬಗ್ಗೆ ಕನ್ನಡದಲ್ಲಿ ಕಿತ್ತಾಡಿದರು. ಕೊನೆಗೆ "ಆ ಐತಿಹಾಸಿಕ ಓಟದ ಪ್ರತ್ಯಕ್ಷದರ್ಶಿ" ಎಂದು ನನ್ನನ್ನು ಕರೆದು ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬಸ್ಸು ಓಡಿಸಿದ್ದಕ್ಕೆ ಯಾರೂ ಶಾಲು ಹೊದಿಸಿರಲಿಲ್ಲ. ನಿದ್ದೆ ಮಾಡಿದ್ದಕ್ಕೆ ಹೊದಿಸಿದರು.

ಅತ್ತಿಗೆ ಮಗನ ಪಕ್ಕದಲ್ಲಿ ಎದುರು ಸಾಲಿನಲ್ಲೇ ಕೂತಿದ್ದರು. ಮೈಕು ನನ್ನ ಕೈಯಲ್ಲಿತ್ತು. ಇಡೀ ಸಭೆ ಬಾಯಿ ಮುಚ್ಚಿಕೊಂಡು ಕಾದಿತ್ತು, ನಮ್ಮ ಸಭೆಗಳಲ್ಲಿ ಇದು ಅಪರೂಪ. ಈಗ ಹೇಳಿಬಿಡೋಣ ಎಂದು ನಿಜಕ್ಕೂ ಅನ್ನಿಸಿತು. ಆಮೇಲೆ ತಲೆಯ ಮೇಲಿನ ಪೇಟದ ನೆನಪಾಯಿತು. ಅದನ್ನು ತೆಗೆದು ಹೇಳಬೇಕೋ, ಇಟ್ಟುಕೊಂಡೇ ಹೇಳಬೇಕೋ ಎಂದು ಯೋಚಿಸುತ್ತಿರುವಾಗಲೇ ನನ್ನ ಬಾಯಿ ತನಗೆ ಅಭ್ಯಾಸವಾದ ಕತೆಯನ್ನು ಶುರುಮಾಡಿತ್ತು. ಹಾರಿದ, ತಿರುಗಿ ನೋಡಲಿಲ್ಲ, ಗರ್ಜಿಸಿದ. ಚಪ್ಪಾಳೆ.

ನಿರೂಪಕಿ ಮೈಕು ಹಿಡಿದು ಕೆಳಗೆ ಬಂದಳು. "ಡಾಕ್ಟರ್ ಆಂಟಿ, ನೀವೂ ಅವತ್ತು ಅಲ್ಲಿದ್ರಂತೆ? ನೀವೇನು ಹೇಳ್ತೀರ?"

ಮಗ ತಾಯಿಯ ಮೊಣಕೈ ಮುಟ್ಟಿದ. ಅತ್ತಿಗೆ ಮೈಕನ್ನು ಸ್ವಲ್ಪ ದೂರ ಸರಿಸಿ, "ನನಗೆ ಸರಿಯಾಗಿ ನೆನಪಿಲ್ಲಮ್ಮ. ಅವನು ಹೇಳಿದ್ಮೇಲೆ ಹಾಗೇ ಇರಬೇಕು" ಎಂದರು. ಸಭೆ "ಅಯ್ಯೋ ಪಾಪ" ಎಂಬಂತೆ ಮೆಲ್ಲಗೆ ನಕ್ಕಿತು. ಅತ್ತಿಗೆ ನನಗೆ ಚುಚ್ಚಿದರು ಎಂದುಕೊಂಡೆ. ಚುಚ್ಚಿದ್ದರೆ ಒಳ್ಳೆಯದಿತ್ತು.

ಕೆಲವು ದಿನಗಳ ಮೇಲೆ ಅವರೇ ಫೋನ್ ಮಾಡಿದರು. ಊಟ, ಮಂಡಿ, ಹವಾಮಾನ ಎಲ್ಲ ಆಯಿತು.

"ಒಂದು ಕೇಳ್ತೀನಿ, ನಿಜ ಹೇಳು" ಎಂದರು. "ಅವನು ವಾಪಸ್ ಬಂದು ಆ ಹುಡುಗನ ತಲೆ ಹಿಡಕೊಂಡಿದ್ದನ್ನ ನಾನು ನೋಡಿದ್ನಾ? ಅಥವಾ ಆಸ್ಪತ್ರೇಲಿ ಎಂದೋ ನೋಡಿದ್ದನ್ನ ಅಲ್ಲಿಗೆ ಸೇರಿಸ್ಕೊಂಡಿದೀನಾ? ನನಗೆ ಅವನ ಬೆರಳಿಗೆ ಹತ್ತಿದ್ದ ಕೆಸರು ಕೂಡ ಕಾಣತ್ತೆ. ಆದ್ರೆ ಅಷ್ಟು ಜನರ ಮುಂದೆ ನೀನು ಅಷ್ಟು ಧೈರ್ಯವಾಗಿ ಹೇಳಿದೆಯಲ್ಲ. ಸುಳ್ಳಾದ್ರೆ ಯಾರು ಹಾಗೆ ಹೇಳ್ತಾರೆ ಅಂತ ಯೋಚನೆ ಆಯ್ತು."

ಕಾರಿನ ಕೀ ಹೋದದ್ದು ಒಂದು. ಇದು ಬೇರೆ. ಅವರು ತಮ್ಮ ಕಣ್ಣನ್ನೇ ನಂಬದೆ ನನ್ನನ್ನು ಕೇಳುತ್ತಿದ್ದರು. ಕೇಳಲು ಸಿಕ್ಕಿದ್ದು ನಾನು.

"ಹಳೇದೆಲ್ಲ ಯಾಕೆ ಅತ್ತಿಗೆ" ಎಂದೆ. "ಇಬ್ಬರೂ ಜೊತೆಗೇ ನೋಡಿದ್ವಲ್ಲ."

"ಹೌದಾ" ಎಂದರು. "ಸರಿ ಬಿಡು."

ಅವರು ಈಗಲೂ ಶಾರ್ಲಟ್‌ನಲ್ಲೇ ಇದ್ದಾರೆ. ಕನ್ನಡದಲ್ಲಿ ಅಚ್ಚಾದದ್ದು ಏನು ಸಿಕ್ಕರೂ ಓದುತ್ತಾರೆ. ಅವರ ಮಗನಿಗೆ ಕನ್ನಡ ಓದಲು ಬರುವುದಿಲ್ಲ. ತಪ್ಪೊಪ್ಪಿಗೆಗೆ ಕನ್ನಡವನ್ನು ಆರಿಸಿಕೊಳ್ಳುವಾಗ ನನಗೆ ಇದು ತಿಳಿಯದೆ ಇರಲಿಲ್ಲ. ಆದ್ದರಿಂದ ಓದಿದವರಲ್ಲಿ ಯಾರಾದರೂ ಅವನಿಗೆ ಇಂಗ್ಲಿಷಿನಲ್ಲಿ ಹೇಳಿ. ಸಂಕೋಚಪಟ್ಟು ಮೆತ್ತಗೆ ಮಾಡಬೇಡಿ, ಚಿಕ್ಕಪ್ಪ ಸುಳ್ಳ ಎಂದೇ ಹೇಳಿ.

ಅವನು ಗೆರೆ ದಾಟಿದ ಮೇಲೆ ವಾಪಸ್ ಬಂದ. ಬಿದ್ದವನ ತಲೆ ಹಿಡಿದುಕೊಂಡು ಕೆಸರಿನಲ್ಲಿ ಕೂತ. ನಾನು ಅದನ್ನು ನೋಡಲಿಲ್ಲ. ನೋಡಿದವರು, ನೋಡಿದ್ದನ್ನು ಒಂದಿಷ್ಟೂ ಮರೆಯದವರು, ನಾನು ಇವತ್ತಿನವರೆಗೂ ಯಾರಿಗೆ ತಪ್ಪಾಯಿತು ಎಂದು ಹೇಳಿಲ್ಲವೋ ಅವರು, ನನ್ನ ಅತ್ತಿಗೆ.