ಡಬ್ಬಿಗಳಿಗೆ ಬೀಗ ಹಾಕುವ ಪ್ರಿಂಟರಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕೊನೇ ಕೋಣೆಯಲ್ಲಿ ಪ್ರಿಂಟರಕ್ಕ ಸ್ವೆಟರಿನ ತೋಳು ಮೇಲೇರಿಸಿ ಕೂತಿದ್ದಾರೆ. ಪರದೆಯ ಮೇಲೆ ಓಡುವ ಸಾಲುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ನೋಡುತ್ತಿದ್ದಾರೆ. ಒಂದು ಸಾಲು ಕೆಂಪಗಾಗುತ್ತದೆ, ಎಲ್ಲೋ ದೋಷವಿದೆ ಎಂದರ್ಥ. "ಬಾ ಮಗನೇ, ಸಿಕ್ಕಿಬಿದ್ದೆಯಾ!" ಮೇಲೆ ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಆಗಲೇ ಬೆಳೆಯುತ್ತಿದೆ. ಲ್ಯಾಬಿನ ಕಿಟಕಿ ತೆರೆಯುವುದರೊಳಗೆ ಈ ಕೆಂಪು ಹೋಗಬೇಕು.

ಇಲ್ಲಿ ದಿನಕ್ಕೆ ಮುನ್ನೂರರ ಮೇಲೆ ರಿಪೋರ್ಟುಗಳು ತಯಾರಾಗುತ್ತವೆ. ಅವನ್ನು ಡಾಕ್ಟರ ಪರದೆಗೆ ತಲುಪಿಸುವ ಸಾಫ್ಟ್‌ವೇರೆಲ್ಲ ಓಡುವುದು ಕಂಟೇನರುಗಳಲ್ಲಿ. ಹಾಗೆಂದರೇನಪ್ಪಾ ಎಂದು ಕೇಳಿದರೆ ಆಕೆ ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಮೇಜಿನ ಮೇಲಿಡುತ್ತಾರೆ. "ಊಟ, ಉಪ್ಪು, ಚಮಚ ಎಲ್ಲಾ ಇದರೊಳಗೇ ಇದೆ. ಎಲ್ಲಿ ಬಿಚ್ಚಿದ್ರೂ ಉಣ್ಣಬಹುದು. ಸಾಫ್ಟ್‌ವೇರೂ ಹಂಗೇ, ಬೇಕಾದ್ದೆಲ್ಲ ಕಟ್ಕೊಂಡೇ ಬರುತ್ತೆ. ಆದ್ರೆ ಡಬ್ಬೀಲಿ ಬೇಡದ್ದೇನು ಸೇರ್ಕೊಂಡಿದೆ ಅಂತ ಮುಚ್ಚಳ ತೆಗೆದು ನೋಡೋರು ಬೇಕಲ್ಲ, ಅದೇ ನನ್ನ ಕೆಲಸ."

ಆಕೆ ಇಲ್ಲಿಗೆ ಬಂದದ್ದು ಪ್ರಿಂಟರ್ ರಿಪೇರಿಗೆ, ಹೆಸರು ಬಂದದ್ದೂ ಅದರಿಂದಲೇ. ಸರ್ವರ್ ನೋಡುತ್ತಿದ್ದವನು ಕೆಲಸ ಬಿಟ್ಟು ಹೋದಾಗ ಮೇಲ್ವಿಚಾರಕರು "ಹೇಗೂ ಇದ್ದೀಯಲ್ಲ, ನೀನೇ ನೋಡ್ಕೊಳ್ಳಮ್ಮ" ಎಂದುಬಿಟ್ಟರು. ಎಲ್ಲಿಯ ಇಂಕು, ಎಲ್ಲಿಯ ಸರ್ವರು! ಪಾಡ್‌ಮನ್ ಎಂಬ, ಈ ಕಂಟೇನರುಗಳನ್ನು ಕಟ್ಟಿ ಓಡಿಸುವ, ಪುಕ್ಕಟೆ ಸಿಗುವ, ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದಾದ ಸಾಧನ ಹಿಡಿದು ಕಲಿಯಲು ಕೂತರು. ಎಲ್ಲೋ ಇರುವ ಅಪರಿಚಿತರು ಇಂಟರ್ನೆಟ್ಟಿನಲ್ಲಿ ಬೇಸರಿಸದೆ ಉತ್ತರ ಕೊಟ್ಟರು. ಟೈಲರ್ ಕೆಲಸದ ಗಂಡನಿಗೆ ಹೆಂಡತಿಯ ಮೇಲೆ ತಮಾಷೆಯೂ ಉಂಟು, ಹೆಮ್ಮೆಯೂ ಉಂಟು. "ಹರಿದ ಮೇಲೆ ಹೊಲಿಯೋನು ನಾನು. ಹರಿಯೋಕೆ ಮುಂಚೆನೇ ಹೊಲಿಯೋಳು ಇವಳು."

ಆದರೆ ಒಮ್ಮೆ ಇವಳ ಕೈಯಲ್ಲೇ ಹರಿದಿತ್ತು. ಕಂಟೇನರ್ ಕಟ್ಟುವಾಗ ರಿಪೋರ್ಟುಗಳ ಪಾಸ್‌ವರ್ಡ್ ಒಳಗಿಟ್ಟು, ಮುಂದಿನ ಹಂತದಲ್ಲಿ ಅಳಿಸಿ, ಹೋಯಿತೆಂದು ನಿಶ್ಚಿಂತರಾಗಿದ್ದರು. ಬೇರೆ ಸಣ್ಣ ಆಸ್ಪತ್ರೆಗಳಿಗೂ ಅನುಕೂಲವಾಗಲೆಂದು ಆ ಡಬ್ಬಿಯನ್ನು ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೂ ಹಾಕಿದ್ದರು. ಕೆಲವು ದಿನಗಳ ನಂತರ ಹೊಸದಾಗಿ ಕಲಿತ ತಪಾಸಣೆಯ ಸಾಧನ ಓಡಿಸಿದರೆ, ಅಳಿಸಿದ ಪಾಸ್‌ವರ್ಡ್ ಕಣ್ಣೆದುರು! "ಇದನ್ನ ಕಟ್ಟೋದು ಪದರದ ಮೇಲೆ ಪದರ. ಗೋಡೆ ಬರಹದ ಮೇಲೆ ಸುಣ್ಣ ಬಳಿದಂಗೆ. ಕೆರೆದ್ರೆ ಕೆಳಗಿಂದು ಹಂಗೇ ಇರುತ್ತೆ. ತಕ್ಷಣ ಆ ಡಬ್ಬೀನ ಇಂಟರ್ನೆಟ್ಟಿಂದ ಕಿತ್ತುಹಾಕ್ದೆ."

ಆ ಅವಸರಕ್ಕೆ ಮನೆಯಲ್ಲೂ ಒಂದು ಕಾರಣವಿತ್ತು. ಅತ್ತೆಗೆ ಇದೇ ಆಸ್ಪತ್ರೆಯಲ್ಲಿ ಚಿಕಿತ್ಸೆ. ಕಾಯಿಲೆ ಏನೆಂದು ಅವರು ಮಗನಿಗೂ ಬಾಯಿಬಿಟ್ಟಿರಲಿಲ್ಲ. "ಕಾಯಿಲೆ ಬಂದ್ರೆ ಬರ್ಲಿ, ಜನರ ಬಾಯಿಗೆ ಬೀಳೋದು ಬೇಡ" ಎನ್ನುವ ಹೆಂಗಸು. ಅವರ ಗುಟ್ಟೂ ಆ ಪಾಸ್‌ವರ್ಡಿನ ಹಿಂದೆಯೇ ಇತ್ತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾಯಮಾನವಲ್ಲ ಆಕೆಯದು. ನೇರ ಮೇಲ್ವಿಚಾರಕರ ಮುಂದೆ ನಿಂತು "ತಪ್ಪು ನಂದೇ ಸಾರ್" ಎಂದರು. ಸರ್ವರ್ ನಿಲ್ಲಿಸಿದ್ದರಿಂದ ಅರ್ಧ ದಿನ ಲ್ಯಾಬಿನವರು ರಿಪೋರ್ಟುಗಳನ್ನು ಕೈಯಲ್ಲಿ ಬರೆದುಕೊಟ್ಟರು, ಜನ ಗೊಣಗಿದರು, ಪಾಸ್‌ವರ್ಡ್ ಬದಲಾಯಿತು. ಹಳೆಯದನ್ನು ಯಾರೂ ಬಳಸಿರಲಿಲ್ಲ ಎಂದು ಖಾತ್ರಿಯಾಗುವವರೆಗೆ ಪ್ರಿಂಟರಕ್ಕನಿಗೆ ಅನ್ನ ಸೇರಲಿಲ್ಲ. ಕೆಲಸ ಉಳಿಯಿತು.

ಈಗ ಗುಟ್ಟಿನ ಪದ ಡಬ್ಬಿಯೊಳಗೆ ಹೋಗುವುದೇ ಇಲ್ಲ, ಕೆಲಸ ಶುರುವಾಗುವಾಗ ಹೊರಗಿನಿಂದ ಕೊಡುತ್ತಾರೆ. ಯಾವ ಕಂಟೇನರಿಗೂ ಇಡೀ ಯಂತ್ರದ ಯಜಮಾನಿಕೆ ಇಲ್ಲ, ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. "ನಲ್ಲಿ ರಿಪೇರಿಗೆ ಬಂದೋನಿಗೆ ಬೀರು ಕೀಲಿ ಕೊಡ್ತೀವಾ?" ರಿಪೋರ್ಟು ತೆರೆಯುವ ಅಧಿಕಾರವನ್ನು ಲ್ಯಾಬಿನ ಮುಖ್ಯಸ್ಥರಿಗೆ ಒಪ್ಪಿಸಿ, ತಮ್ಮದನ್ನೂ ತೆಗೆದುಹಾಕಿಸಿಕೊಂಡಿದ್ದಾರೆ.

ಅದನ್ನು ಕೇಳಿ ಅತ್ತೆಗೆ ನಂಬಿಕೆ ಬರಲಿಲ್ಲವಂತೆ. "ನೀನೂ ನೋಡಕ್ಕಾಗಲ್ವೇನೇ?"

"ಇಲ್ಲ ಅತ್ತೆ. ನನ್ನ ಕೈನ ನಾನೇ ಕಟ್ಕೊಂಡಿದೀನಿ."

ಅತ್ತೆ ಎದ್ದು ಬಾಗಿಲು ಮುಂದೆ ಮಾಡಿ, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲವನ್ನೂ ತಾವಾಗಿಯೇ ಹೇಳಿದರು. ಅಂದಿನಿಂದ ಆಸ್ಪತ್ರೆಗೆ ಇಬ್ಬರೂ ಜೊತೆಯಲ್ಲೇ ಬರುತ್ತಾರೆ.

ಪರದೆಯ ಮೇಲಿನ ಕೆಂಪು ಸಾಲು ಈಗ ಹಸಿರಾಗಿದೆ. ಮೇಲೆ ಲ್ಯಾಬಿನ ಕಿಟಕಿ ತೆರೆದ ಸದ್ದು. ಅಷ್ಟಕ್ಕೂ ಅತ್ತೆ ಏನು ಹೇಳಿದರು ಎಂದು ಕೇಳಿದರೆ ಪ್ರಿಂಟರಕ್ಕ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ನಗುತ್ತಾರೆ.

"ಅದನ್ನ ನಿಮಗೆ ಹೇಳಿಬಿಟ್ರೆ, ಇಷ್ಟು ವರ್ಷ ನಾನು ಕಲಿತಿದ್ದಾದ್ರೂ ಏನು?"