ಹೆಸರು ಕೇಳಿ ಕೈ ಮುಟ್ಟು

ಅವರ ಬಳೆಗಳು ಇರುತ್ತಿದ್ದದ್ದು ಸೆರಗಿನ ಗಂಟಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತುವಾಗ ಕೈತುಂಬ ಹಸಿರು ಗಾಜಿನ ಬಳೆ ತೊಟ್ಟಿರೋರು. ಕಾಲೇಜಿನ ಗೇಟು ಬಂತು ಅಂದರೆ ಒಂದೊಂದೇ ತೆಗೆದು, ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳೋರು. ಸಂಜೆ ವಾಪಸ್ ಬರುವಾಗ ಬಸ್ಸಿನ ಸೀಟಿನಲ್ಲಿ ಕೂತು ಮತ್ತೆ ತೊಟ್ಟುಕೊಳ್ಳೋರು. ಅಷ್ಟು ಹೊತ್ತೂ ಅವರು ಓಡಾಡಿದ ಕಡೆಯೆಲ್ಲ ಸೊಂಟದಿಂದ ಸಣ್ಣಗೆ ಗಿಲಿಗಿಲಿ ಸದ್ದು. ಗೊತ್ತಿಲ್ಲದವರು ಬೀಗದ ಕೈ ಅಂದುಕೊಳ್ಳೋರು.

"ರೋಗಿ ಮೈಗೆ ಬಳೆ ತಾಗಬಾರದು ಅಜ್ಜಿ, ಸಂದಿಲಿ ಕೊಳೆ ಕೂತಿರ್ತೈತೆ. ಹಂಗಂತ ಮನೇಲಿ ಬಿಟ್ಟು ಬರಾಕೆ ಮನಸ್ಸು ಒಪ್ಪಲ್ಲ" ಅಂತ ಒಂದು ಸಲ ನನಗೆ ಹೇಳಿದ್ದರು.

ನನ್ನ ಮೊಮ್ಮಗಳಿಗೆ ನರ್ಸಿಂಗ್ ಕಲಿಸಿದ ಮೇಡಮ್ಮೋರು ಅವರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೀನಿ, ನಿಧಾನಕ್ಕೆ ಬರೆಯುತ್ತೀನಿ. ನನ್ನ ಮೊಮ್ಮಗಳು ಬಿಎಸ್ಸಿ ನರ್ಸಿಂಗ್ ಪಾಸಾಗಿ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ ಅನ್ನೋದನ್ನ ನಮ್ಮ ಬೀದಿಯವರಿಗೆಲ್ಲ ಹೇಳಿ ಮುಗಿಸಿದ್ದೀನಿ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೀನಿ. ಈಗ ಹೊಸದಾಗಿ ಹೇಳೋಣ ಅಂದರೆ ನ್ಯಾಮತಿಯಲ್ಲಿ ಯಾರೂ ಉಳಿದಿಲ್ಲ. ಅದಕ್ಕೇ ಬರೆಯಲು ಕೂತೆ. ಬರೆಯಲು ಕೂತರೆ ಮೊಮ್ಮಗಳಿಗಿಂತ ಮೊದಲು ಅವರೇ ಕಣ್ಣೆದುರು ಬಂದು ನಿಲ್ಲುತ್ತಾರೆ.

ಅವರ ಊರು ಜಗಳೂರು ಕಡೆಯ ಸೊಕ್ಕೆ. ಯಜಮಾನರು ಅಲ್ಲೇ ಜಮೀನು ನೋಡಿಕೊಂಡಿದ್ದರು, ಶನಿವಾರ ಸಂಜೆ ರೊಟ್ಟಿ ಗಂಟು ಹಿಡಿದು ಬರೋರು. ಮೇಡಮ್ಮೋರು ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗಿದ್ದು, ನನ್ನ ಮೊಮ್ಮಗಳು ಹೋಗುವ ಬಸ್ಸಿಗೇ ಹೊನ್ನಾಳಿಯ ಕಾಲೇಜಿಗೆ ಹೋಗಿಬರುತ್ತಿದ್ದರು. ಕ್ಲಾಸಿನಲ್ಲಿ ಓದಿದ ಹುಡುಗಿಯರನ್ನ ಆಸ್ಪತ್ರೆಯ ವಾರ್ಡಿಗೆ ಕಳಿಸೋಕೆ ಮುಂಚೆ ತಯಾರು ಮಾಡೋದು ಅವರ ಕೆಲಸ. ಅವರು ಹೂಂ ಅನ್ನದೆ ಯಾವ ಹುಡುಗಿಯೂ ವಾರ್ಡಿನ ಹೊಸ್ತಿಲು ದಾಟುವ ಹಾಗಿಲ್ಲ.

ಒಂದು ಸಂಜೆ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು, "ಅಜ್ಜಿ, ನನಗೊಂದು ಮಂಚ ಬೇಕಿತ್ತು" ಅಂದರು.

"ತಗೊಂಡ್ಹೋಗ್ರಿ, ಹಳೇದೈತೆ ಹಿತ್ತಲಲ್ಲಿ."

"ಬರೀ ಮಂಚ ಅಲ್ಲ. ಅದರ ಮೇಲೆ ನೀವೂ ಬೇಕು."

ನನಗೆ ನಗು. ಆಮೇಲೆ ಬಿಡಿಸಿ ಹೇಳಿದರು. ಕಾಲೇಜಿನಲ್ಲಿ ಕಲಿಯೋಕೆ ಆಳುದ್ದದ ಪ್ಲಾಸ್ಟಿಕ್ ಗೊಂಬೆ ಇದೆಯಂತೆ. ಅದಕ್ಕೆ ಸೂಜಿ ಚುಚ್ಚಿ, ಹೊರಳಿಸಿ, ಮೈ ಒರೆಸಿ ಕಲಿಯುತ್ತಾರಂತೆ. "ಗೊಂಬೆಗೆ ಸಂಕೋಚ ಇಲ್ಲ, ಸಿಟ್ಟಿಲ್ಲ, ಬಾಯಿಲ್ಲ. ಅದರ ಹತ್ರ ಕಲಿತೋರು ರೋಗಿ ಹತ್ರ ಹೋದ್ರೆ ಅವರನ್ನೂ ಗೊಂಬೆ ಮಾಡ್ತಾರೆ. ಭಾನುವಾರ ನೀವು ರೋಗಿ ಆಗಿ ಮಲ್ಕೊಳ್ರಿ, ಹುಡುಗೀರು ನಿಮ್ಮ ಹತ್ರ ಕಲೀಲಿ." ಒಳಮನೆ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಮೊಮ್ಮಗಳ ಕೈ ಭಾಳ ಚೆನ್ನಾಗೈತೆ. ಬಾಯೇ ಬಿಡಲ್ಲ. ರೋಗಿನ ಒಂದು ಮಾತು ಕೇಳಲ್ಲ, ಸೀದಾ ಕೆಲಸಕ್ಕೆ ಕೈ ಹಾಕ್ತಾಳೆ. ಹಿಂಗೇ ಆದ್ರೆ ಈ ಸಲ ವಾರ್ಡಿಗೆ ಕಳಿಸಲ್ಲ. ಜೊತೆಯೋರು ಮುಂದೆ ಹೋಗ್ತಾರೆ, ಇವಳು ಹಿಂದೆ ಉಳೀತಾಳೆ. ಮುಂಚೆನೇ ಹೇಳ್ತಿದೀನಿ."

ಒಳಗಿದ್ದ ಮೊಮ್ಮಗಳಿಗೆ ಆ ಮಾತು ಕೇಳಿಸಿತ್ತು, ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಚಿಕ್ಕಂದಿನಿಂದ ಅವಳು ಹಾಗೇ, ದನಿ ಗಂಟಲು ದಾಟದ ಹುಡುಗಿ. ಅಂಗಡಿಗೆ ಕಳಿಸಿದರೆ ಕೇಳೋಕೆ ನಾಚಿ ಬರಿಗೈಲಿ ಬರೋಳು. ನರ್ಸ್ ಆಗಬೇಕು ಅಂತ ಅವಳೇ ಹಠ ಹಿಡಿದು ಸೇರಿದ್ದು. ಈಗ ಅದೇ ಬಾಯಿ ಅಡ್ಡ ಬಂತಲ್ಲ ಅಂತ ನನಗೂ ಸಂಕಟ. ಮಂಚದ ಮೇಲೆ ಮಲಗೋದೇನು ಮಹಾ ಅಂತ ಒಪ್ಪಿಕೊಂಡೆ.

ಭಾನುವಾರ ಬಂದರೆ ನಮ್ಮ ಪಡಸಾಲೆ ಆಸ್ಪತ್ರೆ. ಚನ್ನಗಿರಿಯಿಂದ ಒಬ್ಬಳು, ಸೂರಗೊಂಡನಕೊಪ್ಪದಿಂದ ಒಬ್ಬಳು, ಹೊನ್ನಾಳಿಯಿಂದ ಇಬ್ಬರು, ನನ್ನ ಮೊಮ್ಮಗಳು. ಬಾಗಿಲಲ್ಲೇ ಎಲ್ಲರೂ ಬಳೆ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಬೇಕು, ಉಗುರು ತೋರಿಸಬೇಕು, ಹಿತ್ತಲಲ್ಲಿ ಮೊಣಕೈತನಕ ಸೋಪು ಹಚ್ಚಿ ತೊಳೀಬೇಕು. ಆಮೇಲೆ ಎರಡೂ ಅಂಗೈ ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. "ತಣ್ಣನೆ ಕೈಲಿ ಮುಟ್ಟಿದ್ರೆ ಹಲ್ಲಿ ಬಿದ್ದಂಗಾಗ್ತೈತೆ ಕಣ್ರೇ" ಅನ್ನೋರು. ಮಂಚದ ಪಕ್ಕ ನಿಂತೇ ಮಾತಾಡಿಸಿದರೆ ಬೆನ್ನಿಗೆ ಒಂದೇಟು. "ನಿಂತು ಕೇಳಿದ್ರೆ ನೀನು ಪೊಲೀಸು. ಸ್ಟೂಲ್ ಎಳ್ಕೊಂಡು ಕೂತು ಕೇಳು, ಆಗ ನರ್ಸು."

ಎದುರುಮನೆಯವಳು ಕಿಟಕಿಯಿಂದ ಕೂಗೋಳು, "ಏನಜ್ಜೀ, ಇವತ್ತು ಯಾವ ಕಾಯಿಲೆ?"

"ಇವತ್ತು ಸೊಂಟ ಮುರಿದೈತೆ ಕಣೇ."

"ಹೋದ ವಾರ ಉಬ್ಬಸ ಅಂದಿದ್ರಿ?"

"ಅದು ವಾಸಿ ಆತು. ನಮ್ಮ ಡಾಕ್ಟ್ರು ಭಾರಿ ಇದಾರೆ!"

ಮಂಚದ ಮೇಲೆ ಮಲಗಿದ್ದವಳು ನಾನು ನಕ್ಕರೆ ಮೇಡಮ್ಮೋರು ನನ್ನನ್ನೂ ಗದರೋರು. "ಅಜ್ಜಿ, ರೋಗಿ ನಗಬಾರದು. ಹುಡುಗೀರು ಆಟ ಅಂದ್ಕೊಂಡುಬಿಡ್ತಾರೆ."

ಒಂದು ಭಾನುವಾರ ಅವರೇ ಒಂದು ಚೀಟಿ ಬರೆದು ಚನ್ನಗಿರಿ ಹುಡುಗಿ ಕೈಗೆ ಕೊಟ್ಟರು. ಅವಳು ಸ್ಟೂಲ್ ಎಳೆದುಕೊಂಡು ಕೂತು, ನನ್ನ ಹೆಸರು ಓದಿ, "ಹಾಲಮ್ಮ ಅಲ್ವಾ?" ಅಂದಳು. ಹೂಂ ಅಂದೆ. ಗಂಡನ ಹೆಸರು ಅಂತ ಒಂದು ಹೆಸರು ಓದಿ "ಅಲ್ವಾ ಅಜ್ಜಿ?" ಅಂದಳು. ಅದಕ್ಕೂ ಹೂಂ ಅಂದೆ.

ಮೇಡಮ್ಮೋರು ಮುಂದೆ ಬಂದರು. "ಅಜ್ಜಿ, ನಿಮ್ಮ ಯಜಮಾನರ ಹೆಸರು ಅದೇನಾ?"

"ಅಲ್ಲ ಬಿಡ್ರಿ. ಅದ್ಯಾರೋ ನನಗೆ ಗೊತ್ತೇ ಇಲ್ಲ."

"ಮತ್ತೆ ಹೂಂ ಅಂದ್ರಿ?"

"ಪಾಪ, ಹುಡುಗಿ ಅಷ್ಟು ಚೆನ್ನಾಗಿ ಓದ್ತಾ ಇತ್ತು. ನಡುವೆ ಯಾಕೆ ಬಾಯಿ ಹಾಕಾದು ಅಂತ."

ಹುಡುಗಿಯರು ಬಿದ್ದೂ ಬಿದ್ದೂ ನಕ್ಕರು. ಮೇಡಮ್ಮೋರು ಮಾತ್ರ ನಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಎಲ್ಲರ ಮುಖ ನೋಡಿ ಹೇಳಿದರು: "ಕೇಳಿದ್ರಾ? ನಮ್ಮ ಕಡೆ ಹೂಂ ಅಂದ್ರೆ ಹೌದು ಅಂತಲ್ಲ. 'ನೀನು ಹೇಳ್ತಾ ಇರವ್ವ, ನಾನು ಕೇಳ್ತಾ ಇದೀನಿ' ಅಂತ. ಹೆಸರು ನೀವು ಓದಬೇಡಿ. ಅವರ ಬಾಯಿಂದ ಬರಲಿ. ಹೆಸರು ಕೇಳಿ ಆಮೇಲೆ ಕೈ ಮುಟ್ಟಿ."

ಹುಡುಗಿಯರಿಗೆ ಹುರುಪು ಬಂತು. "ಹಂಗಾದ್ರೆ ನೀವೇ ಹೇಳಿ ಅಜ್ಜಿ, ತಾತನ ಹೆಸರು!" ಅಂತ ಸುತ್ತುವರಿದರು. ಗಂಡನ ಹೆಸರು ನಾನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಅವರು ಹೋಗಿ ಎಷ್ಟೋ ವರ್ಷ ಆಯಿತು, ಆದರೂ ನಾಲಿಗೆ ಹೊರಳಲ್ಲ. ಇಲ್ಲೂ ಬರೆಯಲ್ಲ. ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ಹೊರಳಿದೆ.

"ಬಿಡ್ರೇ" ಅಂತ ಮೇಡಮ್ಮೋರು ಗದರಿದ್ದು ಬೀದಿಗೂ ಕೇಳಿರಬೇಕು. "ಅವರ ಬಾಯಿಂದ ಕೀಳಾಕೆ ಹೋಗಬೇಡಿ. ವಾರ್ಡ್ ತುಂಬ ಇಂಥ ಅಜ್ಜಿದೀರೇ ಇರ್ತಾರೆ. ಅವರ ಮರ್ಯಾದೆ ಅವರಿಗಿರಲಿ. ಬೇರೆ ದಾರಿ ನೀವು ಹುಡುಕಿ. ಯಾವೂರವ್ವ ನಿಮ್ದು, ಜೊತೇಲಿ ಯಾರು ಬಂದಿದಾರೆ, ದೊಡ್ಡ ಮಗ ಯಾರು, ಕೇಳಾಕೆ ಎಷ್ಟಿಲ್ಲ?"

ಅವತ್ತು ಕೊನೆಗೆ ನನ್ನ ಮೊಮ್ಮಗಳ ಸರದಿ. ಕೈ ತೊಳೆದಳು, ಉಜ್ಜಿದಳು, ಕೂತಳು. ಕೂತವಳೇ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಲು ಶುರು ಮಾಡಿದಳು.

"ಯಾರಿವರು?" ಮೇಡಮ್ಮೋರು ಕೇಳಿದರು.

"ನಮ್ಮಜ್ಜಿ."

"ಅಲ್ಲ. ಪೇಷಂಟು. ಕೇಳು."

ಅವಳು ಸುತ್ತಿದ ಪಟ್ಟಿಯನ್ನ ಮತ್ತೆ ಬಿಚ್ಚಿದಳು. ನಮ್ಮ ಮನೆಯಲ್ಲಿ ಸಣ್ಣವರು ದೊಡ್ಡವರ ಹೆಸರು ಎತ್ತೋದಿಲ್ಲ. ಹುಟ್ಟಿದಾಗಿನಿಂದ ಅಜ್ಜಿ ಅಂದ ಹುಡುಗಿ ನಿಮ್ಮ ಹೆಸರೇನು ಅಂತ ಹೆಂಗೆ ಕೇಳ್ತಾಳೆ? ಕಣ್ಣಲ್ಲಿ ನೀರು ತುಂಬಿಕೊಂಡಳು. ನಾನೇ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಮೇಡಮ್ಮೋರು ನನ್ನ ಕಡೆ ಕೈ ಅಡ್ಡ ಹಿಡಿದರು. ಬೈಯಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತು, "ಹೆಸರು ಕೇಳಿದ್ರೆ ಮರ್ಯಾದೆ ಹೋಗ್ತೈತೆ ಅಂದ್ಕೊಂಡಿದೀಯ. ಆಸ್ಪತ್ರೇಲಿ ಅವರನ್ನ ಕಾಲುನೋವು ಅಂತಾರೆ, ಹದಿನೇಳನೇ ಬೆಡ್ಡು ಅಂತಾರೆ. ನೀನು ಕೂತು ಹೆಸರು ಕೇಳಿದ್ರೆ ಅವತ್ತಿಡೀ ಅವರಿಗೆ ಸಿಗೋ ಮರ್ಯಾದೆ ಅದೊಂದೇ ಇರಬಹುದು" ಅಂದರು.

ಮಾರನೇ ದಿನ ಬೆಳಿಗ್ಗೆ ನಾನು ಒಲೆ ಮುಂದಿದ್ದೆ. ಹಿಂದಿನಿಂದ ಸಣ್ಣ ದನಿ: "ಅಮ್ಮಾ, ನಿಮ್ಮ ಹೆಸರು ಹೇಳ್ತೀರಾ?" ತಿರುಗಿ ನೋಡಿದರೆ ಮೊಮ್ಮಗಳು, ಕಾಫಿ ಲೋಟ ಹಿಡಿದು, ಮುಖ ಕೆಂಪು ಮಾಡಿಕೊಂಡು ನಿಂತಿದ್ದಾಳೆ. "ಹಾಲಮ್ಮ ಕಣವ್ವ" ಅಂದೆ. ಅವತ್ತಿಂದ ದಿನಾ ಅದೇ. ಒಂದು ದಿನ ಕಿವಿ ಕೇಳದವಳ ಹಾಗೆ ಆಡಿದೆ. ಒಂದು ದಿನ "ಯಾಕೆ ಬೇಕೇ ನಿನಗೆ?" ಅಂತ ಜಗಳ ತೆಗೆದೆ. ಸೊಪ್ಪು ಮಾರೋಳನ್ನೂ ಬಿಡಲಿಲ್ಲ ಹುಡುಗಿ, ಹೆಸರು, ಊರು, ಮಕ್ಕಳು ಎಲ್ಲ ಕೇಳಿದಳು. ಸೊಪ್ಪಿನವಳು "ಏನವ್ವ, ನನ್ನ ಮಗನಿಗೆ ಹೆಣ್ಣು ಕೊಡ್ತೀರಾ?" ಅಂದಾಗ ಒಳಗೆ ಓಡಿಬಂದಳು. ಮರುದಿನ ಮತ್ತೆ ಹೋದಳು.

ಮುಂದೆ ಒಂದು ಭಾನುವಾರ ಪಡಸಾಲೆಯ ಮಂಚದ ಪಕ್ಕ ಅವಳ ಪರೀಕ್ಷೆ ಮುಗಿದ ಮೇಲೆ ಮೇಡಮ್ಮೋರು ಸೆರಗಿನ ಗಂಟು ಬಿಚ್ಚಿ ಬಳೆ ತೊಡುತ್ತಾ, ಅವಳ ಕಡೆ ನೋಡದೆ ಹೇಳಿದರು: "ಬಿಳಿ ಕೋಟು ಇಸ್ತ್ರಿ ಮಾಡಿಸ್ಕೋ. ಎಲ್ಲರ ಜೊತೆ ನೀನೂ ಹೊರಡು."

ವಾರ್ಡಿಗೆ ಹೋದ ಹೊಸತರಲ್ಲೇ ನಡೆದದ್ದನ್ನ ಮೊಮ್ಮಗಳು ಮನೆಗೆ ಬಂದು ಹೇಳಿದಾಗ ನನ್ನ ಕೈಲಿದ್ದ ಮೊರ ಹಾಗೇ ನಿಂತುಬಿಟ್ಟಿತು. ನಮ್ಮ ಕಡೆ ಸಂತೆಯಲ್ಲಿ ಹಾಲಮ್ಮ ಅಂತ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತೆ. ಆ ವಾರ್ಡಿನಲ್ಲೂ ಪಕ್ಕಪಕ್ಕದ ಮಂಚದಲ್ಲಿ ಇಬ್ಬರು ಹಾಲಮ್ಮದೀರು, ಒಬ್ಬರು ಹೊನ್ನಾಳಿ ಕಡೆಯವರು, ಒಬ್ಬರು ನಲ್ಲೂರಿನವರು. ನಲ್ಲೂರಿನ ಹಾಲಮ್ಮನಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇಂಜೆಕ್ಷನ್ ಕೊಡಬೇಕು. ಇನ್ನೊಬ್ಬರಿಗೆ ಸಕ್ಕರೆ ಇಲ್ಲವೇ ಇಲ್ಲ, ಆ ಇಂಜೆಕ್ಷನ್ ಬಿದ್ದರೆ ಜೀವಕ್ಕೇ ಕುತ್ತು. ನಲ್ಲೂರಿನ ಅಜ್ಜಿಗೆ ಫ್ಯಾನಿನ ಗಾಳಿಗೆ ಮೊಣಕಾಲು ಹಿಡಿಯುತ್ತೆ. "ಈ ಕಡೆ ಬಾರಕ್ಕ, ನನಗೆ ಸೆಕೆ" ಅಂದರಂತೆ ಹೊನ್ನಾಳಿ ಅಜ್ಜಿ. ಇಬ್ಬರೂ ಯಾರಿಗೂ ಹೇಳದೆ ಮಂಚ ಬದಲಾಯಿಸಿಕೊಂಡು ಆರಾಮಾಗಿ ಮಲಗಿದ್ದರು. ಮಂಚಕ್ಕೆ ತೂಗುಹಾಕಿದ ಕಾಗದ ಮಾತ್ರ ಅಲ್ಲಲ್ಲೇ.

ನಲ್ಲೂರಿನ ಕಾಗದವಿದ್ದ ಮಂಚದ ಪಕ್ಕ ಸಿಸ್ಟರ್ ನಿಂತು, ಇಂಜೆಕ್ಷನ್ ನೀನೇ ಕೊಡು ಅಂದರು. ಮೊಮ್ಮಗಳು ಸ್ಟೂಲ್ ಎಳೆದು ಕೂತು, "ಅಮ್ಮಾ, ನಿಮ್ಮ ಹೆಸರು ಹೇಳ್ತೀರಾ?" ಅಂದಳು.

"ಹಾಲಮ್ಮ."

ಕಾಗದದಲ್ಲೂ ಹಾಲಮ್ಮ. ಯಜಮಾನರ ಹೆಸರು ಕೇಳಿದರೆ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಿತು. ಆಗ ಇವಳಿಗೆ ನಮ್ಮ ಪಡಸಾಲೆ ನೆನಪಾಯಿತಂತೆ. "ಹೋಗ್ಲಿ ಬಿಡ್ರಿ. ಯಾವೂರವ್ವ ನಿಮ್ದು?"

"ಹೊನ್ನಾಳಿ ಹತ್ರ."

ಕಾಗದದಲ್ಲಿ ನಲ್ಲೂರು. "ಸಿಸ್ಟರ್, ಸ್ವಲ್ಪ ತಡೀರಿ" ಅಂದಳಂತೆ ನನ್ನ ಮೊಮ್ಮಗಳು, ಇಡೀ ವಾರ್ಡಿಗೆ ಕೇಳುವ ಹಾಗೆ. ಹುಡುಗಿಯ ದನಿ ಗಂಟಲು ದಾಟಿತ್ತು!

ನಾನು ಹೋಳಿಗೆ ಮಾಡಿಕೊಂಡು ಮೇಡಮ್ಮೋರ ಮನೆಗೆ ಓಡಿದೆ. ಪೂರ್ತಿ ಕೇಳಿದರು. "ಇದಕ್ಕೆ ಹೋಳಿಗೆ ಯಾಕೆ ಅಜ್ಜಿ? ಇದು ದಿನಾ ಮಾಡೋ ಕೆಲಸ" ಅಂದರು. ಅಂದವರು ಇನ್ನೊಂದು ಹಾಕಿಸಿಕೊಂಡು, ತುಪ್ಪಕ್ಕೆ ತಟ್ಟೆ ಮುಂದೆ ನೂಕಿದರು.

ಹೋದ ವರ್ಷ ಅವರಿಗೇ ಕಾಯಿಲೆ ಬಂತು. ಸೇರಿಸಿದ್ದು ನನ್ನ ಮೊಮ್ಮಗಳು ಕೆಲಸ ಮಾಡುವ ಆಸ್ಪತ್ರೆಗೇ. ನೋಡಲು ಹೋದೆ. ಮೈ ಇಳಿದು ಹೋಗಿತ್ತು, ಕೈತುಂಬ ಮಾತ್ರ ಹಸಿರು ಬಳೆ. ನಾನು ಅದನ್ನೇ ನೋಡುತ್ತಿದ್ದದ್ದು ಅವರಿಗೆ ತಿಳಿಯಿತು. "ಈಗ ನಾನು ಪೇಷಂಟು ಅಲ್ವಾ ಅಜ್ಜಿ, ವಾರ್ಡಲ್ಲೂ ಹಾಕ್ಕೋಬಹುದು" ಅಂದರು.

ಅಷ್ಟರಲ್ಲಿ ಮೊಮ್ಮಗಳು ಔಷಧಿ ತಟ್ಟೆ ಹಿಡಿದು ಬಂದಳು. ನನ್ನ ಕಡೆ ನೋಡಲೂ ಇಲ್ಲ. ತಟ್ಟೆ ಇಟ್ಟು, ಅಂಗೈ ಉಜ್ಜಿಕೊಂಡು, ಸ್ಟೂಲ್ ಎಳೆದು ಕೂತಳು. "ಅಮ್ಮಾ, ನಿಮ್ಮ ಹೆಸರು ಹೇಳ್ತೀರಾ?"

ನಾಲ್ಕು ವರ್ಷ ಪಾಠ ಹೇಳಿದವರನ್ನ! ಮೇಡಮ್ಮೋರು ಅವಳ ಮುಖವನ್ನೇ ನೋಡಿದರು. ಆಮೇಲೆ ಶಾಲೆಯಲ್ಲಿ ಹಾಜರಿ ಹೇಳುವ ಮಗುವಿನ ಹಾಗೆ ತಮ್ಮ ಹೆಸರು ಹೇಳಿದರು. ಊರು ಸೊಕ್ಕೆ ಅಂದರು. ಕೇಳದಿದ್ದರೂ ಯಜಮಾನರ ಹೆಸರನ್ನೂ ಹೇಳಿ, ಬಾಗಿಲಲ್ಲಿ ನಿಂತಿದ್ದ ಅವರ ಕಡೆ ನೋಡಿ ನಕ್ಕರು. "ಈಗ ಮುಟ್ಟು" ಅಂತ ಕೈ ಮುಂದೆ ಚಾಚಿದರು. ಬಳೆ ಸದ್ದಾಯಿತು.

ಮೇಡಮ್ಮೋರು ವಾಪಸ್ ನಮ್ಮ ಬೀದಿಗೆ ಬರಲಿಲ್ಲ. ಸೊಕ್ಕೆಯ ಜಮೀನಿನಲ್ಲೇ ಮಣ್ಣು ಮಾಡಿದರು. ನಾವೂ ಹೋಗಿದ್ದೆವು.

ಈಗ ಕಾಲೇಜಿನ ಹೊಸ ಹುಡುಗಿಯರು ಮೊಮ್ಮಗಳ ವಾರ್ಡಿಗೆ ಕಲಿಯಲು ಬರುತ್ತಾರೆ. ಭಾನುವಾರ ರಜೆ ಸಿಕ್ಕಿದಾಗ ಅವರನ್ನ ಮನೆಗೂ ಕರೆದುಕೊಂಡು ಬರುತ್ತಾಳೆ. ಹಿತ್ತಲ ಮಂಚ ಮತ್ತೆ ಪಡಸಾಲೆಗೆ ಬಂದಿದೆ, ನಾನೂ ಮತ್ತೆ ರೋಗಿಯಾಗಿದ್ದೀನಿ. ಮೊನ್ನೆ ಒಬ್ಬಳು ಹೊಸಬಳು, ಬೆವರುತ್ತಾ ಸ್ಟೂಲಿನ ತುದಿಯಲ್ಲಿ ಕೂತು, ನನ್ನ ಯಜಮಾನರ ಹೆಸರು ಕೇಳಿ ಸಿಕ್ಕಿಹಾಕಿಕೊಂಡಳು. ನಾನು ಸೆರಗು ಬಾಯಿಗಿಟ್ಟುಕೊಂಡೆ.

"ಅವರ ಬಾಯಿಂದ ಕೀಳಬೇಡವ್ವ. ಬೇರೆ ದಾರಿ ಹುಡುಕು" ಅಂತ ಬಾಗಿಲಿನಿಂದ ದನಿ ಬಂತು. ಬೀದಿಗೂ ಕೇಳುವಂಥ ದನಿ. ತಿರುಗಿ ನೋಡಿದರೆ ನನ್ನ ಮೊಮ್ಮಗಳು, ವೇಲಿನ ತುದಿಗೆ ಬಳೆ ಗಂಟು ಹಾಕುತ್ತಾ ನಿಂತಿದ್ದಳು.

ನಾನು ಗೋಡೆ ಕಡೆ ಹೊರಳಿ ಕಣ್ಣು ಮುಚ್ಚಿಕೊಂಡೆ. ರೋಗಿ ನಗಬಾರದಲ್ಲ.