ಅಕ್ಕನ ಉತ್ತರಕ್ಕಾಗಿ ನರಸಿಂಹಸ್ವಾಮಿಯಲ್ಲಿ ಬೇಡಿಕೊಂಡದ್ದು

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಸಾವಿತ್ರಕ್ಕನಿಗೆ ಕಣ್ಣೊಂದು ಬಿಟ್ಟು ಮತ್ತೇನೂ ಸ್ವಾಧೀನದಲ್ಲಿ ಉಳಿದಿರಲಿಲ್ಲ. ನರಗಳು ಸೋಲುತ್ತಾ ಹೋಗುವ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಕೊನೆಗೆ ನಾಲಿಗೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತಳಾದವಳು ಅವಳು. ಪಾಠ ಮಾಡುತ್ತಿದ್ದರೆ ಪಕ್ಕದ ತರಗತಿಯವರೂ ಕೇಳಿಸಿಕೊಳ್ಳುತ್ತಿದ್ದರು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ಅನ್ನ ಕಲಸಿ ಕೊಟ್ಟವಳೂ ಅಕ್ಷರ ತಿದ್ದಿಸಿದವಳೂ ಅವಳೇ.

ಅಕ್ಕ ಶಿವಮೊಗ್ಗದ ಆಲ್ಕೊಳದಲ್ಲಿ ಮಗಳು ಗೌರಿಯ ಜೊತೆಗಿದ್ದಳು. ನನ್ನದು ಭದ್ರಾವತಿಯ ನ್ಯೂ ಟೌನ್. ಗೌರಿ ಬ್ಯಾಂಕಿನ ಕೆಲಸಕ್ಕೆ ಹೊರಡುವುದರೊಳಗೆ ನಾನು ಬಸ್ಸಿನಲ್ಲಿ ಬಂದು ಅಕ್ಕನ ಪಕ್ಕ ಕೂರುತ್ತಿದ್ದೆ, ಅವಳು ಸಂಜೆ ಬಂದ ಮೇಲೆ ಭದ್ರಾವತಿಯ ಬಸ್ಸು ಹಿಡಿಯುತ್ತಿದ್ದೆ.

ಮಾತು ನಿಂತ ಹೊಸತರಲ್ಲಿ, ಕಣ್ಣಿನಿಂದ ಬರೆಯುವ ಒಂದು ಕಂಪ್ಯೂಟರನ್ನು ಆಸ್ಪತ್ರೆಯವರ ಸಲಹೆಯಂತೆ ಮನೆಗೆ ತರಿಸಿದ್ದೆವು. ಪರದೆಯ ಮೇಲೆ ಅಕ್ಷರಗಳು ಇರುತ್ತವೆ. ಅಕ್ಕ ಯಾವುದನ್ನು ದಿಟ್ಟಿಸುತ್ತಾಳೆಂದು ಕ್ಯಾಮೆರಾ ಗುರುತಿಸುತ್ತದೆ, ಆ ಅಕ್ಷರ ಮೂಡುತ್ತದೆ. ಬಹಳ ಕಾಲ ಅದರಲ್ಲೇ ಅವಳು ನಮ್ಮನ್ನು ಬೈದಳು, ನಗಿಸಿದಳು, ಸಾರಿಗೆ ಹುಳಿ ಕಮ್ಮಿಯಾಗಿದೆ ಎಂದಳು. ಬರಬರುತ್ತಾ ಯಂತ್ರ ನಿಧಾನವಾಯಿತು. ಒಂದು ಅಕ್ಷರವನ್ನು ದಿಟ್ಟಿಸಿದರೆ ಅದು ಮೂಡುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ರೆಪ್ಪೆ ಸೋತು ಮುಚ್ಚುತ್ತಿತ್ತು.

ಅಂಥ ಸಮಯದಲ್ಲೇ ಡಾಕ್ಟರು ನನ್ನನ್ನೂ ಗೌರಿಯನ್ನೂ ಆಚೆ ಕರೆದು ಹೇಳಿದರು. "ಉಸಿರಾಟ ತುಂಬ ಕಮ್ಮಿ ಆಗ್ತಾ ಇದೆ. ಸದ್ಯಕ್ಕೆ ಮೂಗಿಗೆ ಮಾಸ್ಕ್ ಕಟ್ಟಿ ಉಸಿರಿಗೆ ಸಹಾಯ ಮಾಡಬಹುದು. ಮುಂದೆ ಗಂಟಲಿಗೆ ರಂಧ್ರ ಮಾಡಿ ಟ್ಯೂಬ್ ಹಾಕಿ, ಮೆಷಿನ್ನಿಂದ ಉಸಿರು ಕೊಡಬೇಕಾಗುತ್ತೆ. ಒಂದ್ಸಲ ಹಾಕಿದ್ರೆ ತೆಗೆಯೋದು ಕಷ್ಟ. ಬೇಕೋ ಬೇಡ್ವೋ, ಅವರನ್ನೇ ಕೇಳಿ."

ಕೇಳಿದೆವು. ಡಾಕ್ಟರು ಹೇಳಿದ್ದನ್ನೆಲ್ಲ ನಮ್ಮಿಂದ ಕೇಳಿ ಅಕ್ಕ ಪರದೆಯನ್ನು ದಿಟ್ಟಿಸಿದಳು. 'ಬೇ' ಎಂದು ಮೂಡಿತು. ಅಷ್ಟಕ್ಕೇ ಕಣ್ಣು ಮುಚ್ಚಿಹೋಯಿತು. ಬೇಕು ಎಂದಳೋ, ಬೇಡ ಎಂದಳೋ? ಹೌದಾದರೆ ರೆಪ್ಪೆ ಮುಚ್ಚು ಎಂದು ಎರಡನ್ನೂ ಬೇರೆಬೇರೆಯಾಗಿ ಕೇಳಿದೆವು. ಎರಡಕ್ಕೂ ಮುಚ್ಚಿದಳು. ಆಮೇಲೆ ನನ್ನನ್ನೇ ನೋಡುತ್ತಾ ಉಳಿದಳು.

"ಬೇಕು ಅಂತಲೇ ಅಂದಿದ್ದು ಮಾಮ," ಎಂದಳು ಗೌರಿ. "ಅಮ್ಮ ನನ್ನ ಬಿಟ್ಟು ಹೋಗ್ತೀನಿ ಅಂತಾಳಾ?"

ನನಗೆ ಕೇಳಿಸಿದ್ದು ಬೇಡ ಎಂದು.

ಕಂಪ್ಯೂಟರ್ ಅಂಗಡಿಯ ಸತೀಶ ಎಂಬವರು ಬಂದು ನೋಡಿದರು. "ಪ್ರೊಸೆಸರ್ ಹಳೇದು ಸರ್, ಅದಕ್ಕೇ ತಡ ಆಗ್ತಿರೋದು. ಇದೇ ಬೋರ್ಡಿಗೆ ಕೂರೋ ಹೊಸದಿದೆ. ಆದ್ರೆ ಅದಕ್ಕೂ ಮುಂಚೆ ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡ್ಬೇಕು. ಇಲ್ದಿದ್ರೆ ಹೊಸದನ್ನ ಬೋರ್ಡು ಗುರುತೇ ಹಿಡಿಯಲ್ಲ." ಬಯಾಸ್ ಎಂದರೆ ಬೋರ್ಡಿನೊಳಗೇ ಬರೆದಿಟ್ಟಿರುವ ಮೂಲ ಸೂಚನೆಗಳಂತೆ. ಅದನ್ನು ಅಳಿಸಿ ಹೊಸದಾಗಿ ಬರೆಯುವಾಗ ಕರೆಂಟು ಹೋದರೆ, ಅಥವಾ ಏನಾದರೂ ಎಡವಟ್ಟಾದರೆ, ಬೋರ್ಡು ಮತ್ತೆ ಏಳುವುದೇ ಇಲ್ಲವಂತೆ.

"ಬೋರ್ಡು ಹೋದ್ರೆ ಇನ್ನೊಂದು ಹಾಕಿ," ಎಂದೆ.

ಅವರು ಆಗದೆಂದು ತಲೆಯಾಡಿಸಿದರು. ಕಣ್ಣಿನಿಂದ ಬರೆಸುವ ಪ್ರೋಗ್ರಾಂ ಆ ಬೋರ್ಡಿನ ಗುರುತಿಗೇ ನೋಂದಣಿಯಾಗಿತ್ತು. ತಯಾರಿಸಿದವರು ಅದನ್ನು ಯಾವತ್ತೋ ನಿಲ್ಲಿಸಿಬಿಟ್ಟಿದ್ದರು. ಹೊಸ ಪ್ರೋಗ್ರಾಂ ಹುಡುಕಿ ಅದನ್ನು ಅಕ್ಕನ ಸೋತ ಕಣ್ಣಿಗೆ ಹೊಂದಿಸುವಷ್ಟು ಕಾಲ ನಮಗಿದೆಯೇ ಎಂದು ಡಾಕ್ಟರೂ ಹೇಳಲಾರರು.

"ಈಗ ಒಂದಕ್ಷರನಾದ್ರೂ ಬರ್ತಿದೆ. ಅದೂ ಹೋಗ್ಬಿಟ್ರೆ?" ಎಂದು ಗೌರಿ ಅತ್ತಳು. ಅವಳ ಮಾತು ತಪ್ಪೆನ್ನಲು ನನ್ನಿಂದಾಗಲಿಲ್ಲ. ಆದರೆ ಆ ಒಂದಕ್ಷರಕ್ಕಾಗಿ ಅಕ್ಕ ಪಡುತ್ತಿದ್ದ ಪಾಡನ್ನು ಹಗಲೆಲ್ಲ ನೋಡುತ್ತಿದ್ದವನು ನಾನು.

ಭದ್ರಾವತಿಗೆ ಬಂದವನು ಮನೆಗೆ ಹೋಗದೆ ನೇರವಾಗಿ ನಮ್ಮ ಮನೆದೇವರಾದ ಲಕ್ಷ್ಮೀನರಸಿಂಹಸ್ವಾಮಿಯ ಸನ್ನಿಧಿಗೆ ಹೋದೆ. ಮಂಗಳಾರತಿ ಆಗುತ್ತಿತ್ತು. ಬಯಾಸು, ಬೋರ್ಡು ಎಂದು ದೇವರ ಮುಂದೆ ಹೇಗೆ ಹೇಳುವುದು? ಆದರೂ ಹೇಳಿದೆ. "ಸ್ವಾಮಿ, ಮಾಡಿದರೆ ಇರುವುದೂ ಹೋದೀತು, ಮಾಡದಿದ್ದರೆ ಅಕ್ಕ ಮನಸ್ಸಿನಲ್ಲಿರುವುದನ್ನು ಹೇಳದೇ ಹೋಗುತ್ತಾಳೆ. ನನಗೆ ದಾರಿ ತೋರಿಸು." ತೀರ್ಥ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. ಗೌರಿಗೆ ಫೋನ್ ಮಾಡಿ ಮಾಡಿಸೋಣ ಎಂದೆ. ಅವಳು, "ಸರಿ ಮಾಮ," ಎಂದಳು.

ಸತೀಶ ಅಂಗಡಿಯಿಂದ ಯುಪಿಎಸ್ ತಂದು ಜೋಡಿಸಿಕೊಂಡೇ ಕೆಲಸಕ್ಕೆ ಕೈಹಾಕಿದರು. ಅಪ್‌ಡೇಟ್ ಯಾವ ತೊಂದರೆಯೂ ಇಲ್ಲದೆ ಮುಗಿಯಿತು. ನಾನು ಕೈಮುಗಿದೆ. ಆಮೇಲೆ ಹೊಸ ಪ್ರೊಸೆಸರ್ ಕೂರಿಸಿ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಆರಿಸಿದರು, ಹಾಕಿದರು. ಬಿಚ್ಚಿ ಮತ್ತೆ ಜೋಡಿಸಿದರು. ಹಳೆಯದನ್ನೇ ತಿರುಗಿ ಕೂರಿಸಿದರೂ ಬೆಳಕು ಬರಲಿಲ್ಲ. ಮಂಚದ ಮೇಲಿನಿಂದ ಅಕ್ಕ ಎಲ್ಲವನ್ನೂ ನೋಡುತ್ತಿದ್ದಳು.

ಕೊನೆಗೆ ಸತೀಶ ಹೊಸದನ್ನು ಹಾಕಿ, ಬೋರ್ಡಿನಿಂದ ಬಟನ್ನಿನಷ್ಟು ಗಾತ್ರದ ಒಂದು ಸೆಲ್ ತೆಗೆದು ಮೇಜಿನ ಮೇಲಿಟ್ಟರು. "ಸೆಲ್ ಇಲ್ದಿದ್ರೆ ಬೋರ್ಡು ಹಳೇ ಸೆಟ್ಟಿಂಗ್ ಮರೆಯುತ್ತೆ. ಹೀಗೇ ಬಿಡೋಣ ಸರ್, ನಾಳೆ ಬೆಳಿಗ್ಗೆ ಬಂದು ನೋಡ್ತೀನಿ. ಸುಳ್ಳು ಹೇಳಲ್ಲ, ನಂಗೆ ಭರವಸೆ ಇಲ್ಲ." ಗೌರಿ ನನ್ನ ಕಡೆ ನೋಡದೆ ಒಳಗೆ ಹೋದಳು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತೆ. ಟಿಕೆಟ್ ಕೊಡಲು ಬಂದ ಕಂಡಕ್ಟರು, "ಯಾಕೆ ಸಾರ್, ಹುಷಾರಿಲ್ವಾ?" ಎಂದು ಕೇಳಿದರು. ಚಿಲ್ಲರೆ ತೆಗೆದು ಅವರ ಕೈಗಿಟ್ಟೆ. ಅಕ್ಕನ ಬಾಯಿಯನ್ನು ನನ್ನ ಕೈಯಾರೆ ಮುಚ್ಚಿದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಿಗ್ಗೆ ಸ್ನಾನ ಮಾಡಿ ಮತ್ತೆ ಸನ್ನಿಧಿಗೆ ಹೋದೆ. ಈ ಸಲ ದಾರಿ ಕೇಳಲಿಲ್ಲ, ಯಂತ್ರ ಸರಿಮಾಡು ಎಂದೂ ಕೇಳಲಿಲ್ಲ. "ಅವಳ ಆಯಸ್ಸು ನಿನ್ನ ಕೈಲಿದೆ, ಅದನ್ನು ಕೇಳಲಾರೆ. ಅವಳ ಮಾತು ಒಂದನ್ನು ಕೊಡು. ಅದನ್ನೂ ಕೊಡದಿದ್ದರೆ, ಅವಳು ಹೇಳದ್ದನ್ನು ಹೊತ್ತುಕೊಂಡು ಬದುಕುವ ಶಕ್ತಿ ಕೊಡು," ಎಂದೆ. ಪ್ರದಕ್ಷಿಣೆ ಬರುತ್ತಿದ್ದಾಗ ಜೇಬಿನಲ್ಲಿ ಫೋನು ಅದುರಿತು. ಹೊರಗೆ ಬಂದು ನೋಡಿದರೆ ಗೌರಿ.

"ಮಾಮ, ಬಂತು. ಸತೀಶಣ್ಣ ಸೆಲ್ ಹಾಕಿ ಸ್ವಿಚ್ ಒತ್ತಿದ್ರು. ಎಷ್ಟೋ ಹೊತ್ತು ಕಪ್ಪಾಗೇ ಇತ್ತು. ಇನ್ನು ಆರಿಸೋಣ ಅಂತ ಅವರು ಕೈ ಚಾಚಿದ್ರು, ಅಷ್ಟರಲ್ಲಿ ಪರದೆ ಬಂತು. ಅಮ್ಮ ಬರೀತಿದ್ದಾಳೆ, ಬೇಗ ಬಾ."

ಹಳೆಯ ಸೆಟ್ಟಿಂಗೆಲ್ಲ ಅಳಿಸಿ, ಬೋರ್ಡು ತನ್ನನ್ನು ತಾನು ಸರಿಪಡಿಸಿಕೊಳ್ಳಲು ಅಷ್ಟು ಹೊತ್ತು ಹಿಡಿಯಿತು ಎಂದು ಸತೀಶ ಆಮೇಲೆ ವಿವರಿಸಿದರು. ಇರಬಹುದು. ನಾನು ವಾದ ಮಾಡಲಿಲ್ಲ. ಆರಿಸಲು ಹೋದ ಕೈಯನ್ನು ತಡೆದವರು ಯಾರೆಂದು ನನಗೆ ಗೊತ್ತು.

ನಾನು ತಲುಪಿದಾಗ ಗೌರಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಅಕ್ಷರಗಳು ತಡವಿಲ್ಲದೆ ಮೂಡುತ್ತಿದ್ದವು. ಅಕ್ಕ ನನಗಾಗಿ ಬರೆದಿಟ್ಟಿದ್ದಳು: "ಮೂಗಿಗೆ ಕಟ್ಟೋ ಮಾಸ್ಕ್ ಬೇಕು. ಗಂಟಲಿಗೆ ಟ್ಯೂಬ್ ಬೇಡ." ಅವತ್ತು ಎರಡು ಪ್ರಶ್ನೆಗೂ ಅವಳು ರೆಪ್ಪೆ ಮುಚ್ಚಿದ್ದು ಯಾಕೆಂದು ಆಗ ತಿಳಿಯಿತು. ನಾನು ಓದಿ ಮುಗಿಸುವುದನ್ನು ಕಾದು ಅವಳು ಮುಂದುವರಿಸಿದಳು. "ಗೌರಿ ಅಳ್ತಾಳೆ. ಅಳಲಿ. ನೀನು ನಿರ್ಧಾರ ಮಾಡಿದೆ ಅಂತ ಆಮೇಲೆ ಕೊರಗಬೇಡ ಮಾರಾಯ. ನಿರ್ಧಾರ ನನ್ನದು."

ಗೌರಿ ತಾಯಿಯ ಪಾದದ ಮೇಲೆ ಮುಖವಿಟ್ಟಳು.

ಡಾಕ್ಟರು ಮಾಸ್ಕ್ ಕೊಟ್ಟರು. ಮಾಘ ಮಾಸದವರೆಗೂ ಅಕ್ಕ ನಮ್ಮೊಡನೆ ಮಾತಾಡಿದಳು. ಗೌರಿಗೆ ಏನೇನು ಹೇಳಿದಳೋ, ಅದು ತಾಯಿ ಮಗಳಿಗೆ ಸೇರಿದ್ದು. ನನಗೆ ಅಮ್ಮನ ಮುಖ ಹೇಗಿತ್ತು ಎಂದು ವರ್ಣಿಸಿದಳು. ನನಗದು ನೆನಪೇ ಇರಲಿಲ್ಲ. ಒಂದು ಮಧ್ಯಾಹ್ನ, ನಾನು ವಿಷ್ಣುಸಹಸ್ರನಾಮ ಓದುತ್ತಿರುವಾಗ ಉಸಿರು ನಿಂತಿತು. ಡಾಕ್ಟರು ಟ್ಯೂಬಿನ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ. ದುಃಖ ಬೆಟ್ಟದಷ್ಟಿತ್ತು, ಈಗಲೂ ಇದೆ. ಅವಳ ಇಷ್ಟವೇನಿತ್ತೋ ಎಂಬ ಅನುಮಾನ ಮಾತ್ರ ಅದರಲ್ಲಿ ಇಲ್ಲ. ನನ್ನ ಸ್ವಾಮಿ ನನಗೆ ಕೊಟ್ಟ ಪ್ರಸಾದ ಅದು.

ವೈಕುಂಠ ಸಮಾರಾಧನೆ ಕಳೆದ ಮೇಲೆ ಡಾಕ್ಟರೇ ಫೋನ್ ಮಾಡಿದರು. ಶಿವಮೊಗ್ಗದಲ್ಲೇ ಕೋಟೆಯ ಕಡೆ ಒಬ್ಬ ಹೆಣ್ಣುಮಗಳಿಗೆ ಇದೇ ಕಾಯಿಲೆ, ಮಾತು ನಿಂತು ಬಹಳ ದಿನವಾಗಿದೆ ಎಂದರು. ಗೌರಿ ಒಂದು ಕ್ಷಣವೂ ಯೋಚಿಸಲಿಲ್ಲ. "ಅಮ್ಮನ ಕಂಪ್ಯೂಟರ್ ತಗೊಂಡು ಹೋಗೋಣ ಮಾಮ," ಎಂದಳು. ಸತೀಶ ಆ ಮನೆಗೆ ಬಂದು ಕಂಪ್ಯೂಟರ್ ಜೋಡಿಸಿ, ಕ್ಯಾಮೆರಾವನ್ನು ಆಕೆಯ ಕಣ್ಣಿಗೆ ಹೊಂದಿಸಿದರು. ಆಕೆಯ ಗಂಡ ಪರದೆಯ ಪಕ್ಕದಲ್ಲೇ ನಿಂತಿದ್ದರು. ಆಕೆ ತಡವರಿಸಿ ತಡವರಿಸಿ, ಅಳಿಸಿ, ಮತ್ತೆ ಬರೆದು, ಗಂಡನನ್ನು ಕೇಳಿದಳು: "ಊಟ ಆಯ್ತಾ?"

ಆತ ಆಕೆಯ ಪಕ್ಕ ಕೂತು, "ಆಯ್ತು ಕಣೇ, ಆಯ್ತು," ಎಂದರು. ನಾನೂ ಗೌರಿಯೂ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಗೆ ಬಂದೆವು. ಬೀದಿಯಲ್ಲಿ ನಿಂತೇ ಸ್ವಾಮಿಗೆ ಕೈಮುಗಿದೆ.